ಅಣ್ಣನ ಅಳತೆಯ ಪೆಟ್ಟಿಗೆ

ಕೊಟ್ಟೂರು
6 ಜುಲೈ 2025, ಭಾನುವಾರ

ಸುಕನ್ಯಾ,

ಮೊದಲು ಆಶೀರ್ವಾದ ತಗೋ, ಆಮೇಲೆ ಬೇಕಾದರೆ ಕಾಗದ ಹರಿ. ನಿನಗೂ ನಿನ್ನ ಯಜಮಾನರಿಗೂ ಮಕ್ಕಳಿಗೂ ನಿನ್ನ ಅತ್ತಿಗೆಯ ಹರಕೆ ಇದ್ದೇ ಇದೆ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಎಲ್ಲರೂ ಅಂದರೆ ಈಗ ನಾನು, ಮಗಳು ಅಮೃತಾ ಮತ್ತು ಹೊಲಿಗೆ ಮಷೀನು. ಅಮೃತಾಳಿಗೆ ಹಡಗಲಿಯ ಶಾಲೆಯ ಕೆಲಸ ಕಾಯಂ ಆಯಿತು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಷೀನಿಗೆ ಹೊಸ ಬೆಲ್ಟು ಹಾಕಿಸಿದೆ.

ಬರೆಯಲು ತಡವಾಯಿತು, ತಪ್ಪು ತಿಳಿಯಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಒಂದೇ ಗೀಟು ಬೀಳುತ್ತದೆ. ಇನ್ನೊಂದು ಗೀಟು ಬಿದ್ದೀತು ಎಂದು ಮೇ ತಿಂಗಳಿನಿಂದ ಕಾಯುತ್ತಾ ಕೂತಿದ್ದೆ. ಹಾಗಂದರೆ ನಂಬರನ್ನೇ ಬ್ಲಾಕ್ ಮಾಡಿದ್ದಾರೆ ಎಂದು ಅಮೃತಾ ಮೊನ್ನೆ ಬಿಡಿಸಿ ಹೇಳಿದಳು. ಅಂಚೆಯವನನ್ನು ಬ್ಲಾಕ್ ಮಾಡಲು ಇನ್ನೂ ಯಾರೂ ಕಲಿತಿಲ್ಲ, ಅದಕ್ಕೆ ಈ ಕಾಗದ.

ಯುಗಾದಿಗೆ ನೀನು ಕಳಿಸಿದ್ದ ಹಸಿರು ಬಟ್ಟೆಯ ಕುಪ್ಪಸ ಹೊಲಿದು ಇಟ್ಟಿದ್ದೇನೆ. ನಿನ್ನ ಅಳತೆ ಕೇಳುವ ಅಗತ್ಯ ಬೀಳಲಿಲ್ಲ. ಅತ್ತೆಯ ಗಿಡ್ಡತನವೆಲ್ಲ ನಿನಗೊಬ್ಬಳಿಗೇ ಬಂತು, ನಿನ್ನಣ್ಣನಿಗೆ ಅದರಲ್ಲಿ ಚೂರೂ ಸಿಗಲಿಲ್ಲ. ಅವರು ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಿದ್ದರು, ನೀನು ಹೊಸ್ತಿಲ ಮೇಲೆ ನಿಂತು ತೋರಣ ಕಟ್ಟಲು ಸ್ಟೂಲು ಕೇಳುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನಣ್ಣನನ್ನು ಮಣ್ಣು ಮಾಡಿದ ಮರುದಿನ ಬೆಳಗ್ಗೆ ನೀನು ಗುಂತಕಲ್ಲಿನಿಂದ ಕಾರು ಮಾಡಿಕೊಂಡು ಬಂದು, ಹೊಲದಲ್ಲಿ ಹಸಿ ಮಣ್ಣಿನ ದಿಬ್ಬ ನೋಡಿ, ವಾಪಸು ಬಂದು ನಮ್ಮ ಪಡಸಾಲೆಯಲ್ಲಿ ನಿಂತು ಹೇಳಿದೆ: ‘ಅವ್ವನ ಮುಖಾನೂ ನನಗ ಸಿಗಲಿಲ್ಲ, ಅಣ್ಣನ ಮುಖಾನೂ ಸಿಗಲಿಲ್ಲ. ಒಂದ್ ರಾತ್ರಿ ಇಟ್ಕಳ್ಳಾಕ ನಿಮಗ ಭಾರ ಆತೇನು? ಇನ್ ಈ ಮನಿ ನೀರು ನನಗ ಬ್ಯಾಡ.’ ನಾನು ಕೊಟ್ಟ ನೀರಿನ ತಂಬಿಗೆ ಅಲ್ಲೇ ಕಿಟಕಿಯಲ್ಲಿಟ್ಟು ಅದೇ ಕಾರು ಹತ್ತಿದೆ. ಅದಕ್ಕೆ ಉತ್ತರ ಈಗ ಕೊಡುತ್ತೇನೆ. ಉತ್ತರ ಸ್ವಲ್ಪ ಉದ್ದ ಇದೆ, ಯಾಕೆಂದರೆ ಅದರೊಳಗೆ ಒಂದು ಸಂಘ ಬರುತ್ತದೆ.

ಐದೂರು ಶರಣ ಸೇವಾ ಸಂಘ ಅಂತ ನಿನ್ನಣ್ಣ ನಿರ್ದೇಶಕರಾಗಿದ್ದರಲ್ಲ, ಅದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂರಿನ ನಮ್ಮ ಜನ ಸದಸ್ಯರು. ಸಾವಾದ ಮನೆಗೆ ನೆರವಾಗುವುದು ಅದರ ಉದ್ದೇಶ. ಸಂಘದ ಭವನ ನಮ್ಮ ಮನೆ ಮುಂದಿನ ಹೊಲಿಗೆ ಅಂಗಡಿಯ ಎದುರಿಗೇ ಇರುವುದರಿಂದ ಅಲ್ಲಿ ಯಾರು ಬಂದರು, ಯಾರು ಹೋದರು, ಯಾರು ಬಂದು ಸಹಿ ಮಾಡಿ ಹಾಗೇ ಹೋದರು ಎಲ್ಲವೂ ಮಷೀನು ತುಳಿಯುತ್ತಲೇ ನನಗೆ ಕಾಣುತ್ತದೆ.

ಅಧ್ಯಕ್ಷರು ಗುರುಬಸವರಾಜಪ್ಪ, ಶೇಂಗಾ ವ್ಯಾಪಾರಿ. ಭುಜ ಅಗಲ, ಕೊರಳು ಗಿಡ್ಡ. ಇವರಿಗೆ ಜುಬ್ಬಾ ಹೊಲಿಯುವುದು ಕಷ್ಟ, ಹಾರಕ್ಕೆ ಬಗ್ಗಿ ಬಗ್ಗಿ ಬೆನ್ನಿನ ಬಟ್ಟೆ ಮೇಲಕ್ಕೇಳುತ್ತದೆ. ಕಾರ್ಯದರ್ಶಿ ಸೋಮಪ್ಪನವರು, ತಾಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಸಂಘದ ನಿಯಮಾವಳಿಯ ಪುಸ್ತಕ ಹಿಡಿಯುವಷ್ಟು ಕಿಸೆ ಇಡಬೇಕೆಂದು ಹೇಳಿ ಅಂಗಿ ಹೊಲಿಸುತ್ತಾರೆ. ಲಕ್ಷ್ಮಿದೇವಿ ಎಂಬ ಮಹಿಳಾ ನಿರ್ದೇಶಕಿ ಒಬ್ಬರಿದ್ದಾರೆ. ಸಭೆಯಲ್ಲಿ ಮಂಡಕ್ಕಿ ಕಲಸುವುದು ಅವರ ಪಾಲಿಗೆ ಬಂದ ಖಾತೆ. ಉಳಿದವರ ಹೆಸರು ಬರೆದು ಕಾಗದ ದಂಡ ಮಾಡುವುದಿಲ್ಲ. ಸಭೆ ಅಂದರೆ ಪ್ರಾರ್ಥನೆ, ಹಿಂದಿನ ಸಭೆಯ ನಡಾವಳಿ ಓದುವುದು, ಅದಕ್ಕೆ ತಕರಾರು, ಮಂಡಕ್ಕಿ-ಮೆಣಸಿನಕಾಯಿ, ವಂದನಾರ್ಪಣೆ.

ನಿನ್ನಣ್ಣ ಅಲ್ಲಿ ಹೆಚ್ಚು ಮಾತಾಡಿದವರಲ್ಲ. ಎರಡು ವರ್ಷದ ಹಿಂದೆ ಒಂದೇ ಒಂದು ಮಾತು ಎತ್ತಿದರು: ಬೇಸಿಗೆಯಲ್ಲಿ ಜೀವ ಹೋದರೆ ದೂರದೂರಿನ ಮಕ್ಕಳು, ಅಕ್ಕತಂಗಿಯರು ಬರುವ ತನಕ ಇಡಲು ನಮಗೊಂದು ತಂಪಿನ ಪೆಟ್ಟಿಗೆ ಬೇಕು ಎಂದು. ಇಡೀ ಮಂಡಳಿ ಕುಣಿದಾಡಿತು. ಪೆಟ್ಟಿಗೆಯಾದರೆ ಅದರ ಮೈಮೇಲೆ ಹೆಸರು ಬರೆಸಬಹುದು.

ಅಧ್ಯಕ್ಷರು ತಾವೇ ದಾವಣಗೆರೆಗೆ ಹೋಗಿ ತಂದರು. ಗಾಜಿನ ಮುಚ್ಚಳ, ಕೆಳಗೆ ಗಾಲಿ, ಪಕ್ಕದಲ್ಲಿ ಐದೂರಿನ ಮುಖಂಡರ ಹೆಸರು ಕೆಂಪು ಅಕ್ಷರದಲ್ಲಿ. ಹಾರ ಹಾಕಿ, ಕಾಯಿ ಒಡೆದು, ಎಲ್ಲರೂ ಅದರ ಸುತ್ತ ನಿಂತು ಫೋಟೋ ತೆಗೆಸಿಕೊಂಡಾದ ಮೇಲೆ ಲಕ್ಷ್ಮಿದೇವಿ ಮಂಡಕ್ಕಿಯ ಕೈಯಲ್ಲೇ ಬಂದು ನೋಡಿ ಹೇಳಿದರು: ‘ಇದರಾಗ ಮಲಗಿಸ್ಬೇಕಲ್ರಿ? ನಾವು ಕುಂದ್ರಿಸಿ ಮಣ್ಣು ಕೊಡೋ ಮಂದಿ. ಮಲಗಿ ಸೆಟದೋರು ಆಮ್ಯಾಲೆ ಕುಂದ್ರತಾರೇನ್ರಿ?’

ನೀನೇ ಹೇಳು, ನಮ್ಮಲ್ಲಿ ಜೀವ ಹೋದ ಕೂಡಲೇ ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಕೂತಂತೆಯೇ ಬಿದಿರಿನ ವಿಮಾನ ಕಟ್ಟಿ ಹೆಗಲ ಮೇಲೆ ಒಯ್ಯುತ್ತೇವೆ, ಕೂತಂತೆಯೇ ಮಣ್ಣು ಕೊಡುತ್ತೇವೆ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವುದು ಐದೂರಿನ ಹಿರಿಯರಿಗೆ ಅಂಗಡಿಯಲ್ಲಿ ನೆನಪಾಗಲಿಲ್ಲ. ಅಧ್ಯಕ್ಷರು ಸಾವರಿಸಿಕೊಂಡು, ‘ಇದನ್ನ ಮೊದಲ ಯಾಕ ಹೇಳಲಿಲ್ಲ ನೀವು?’ ಎಂದು ಲಕ್ಷ್ಮಿದೇವಿಯನ್ನೇ ಗದರಿಸಿದರು.

ಆ ಪೆಟ್ಟಿಗೆಯನ್ನು ಹಗರಿಬೊಮ್ಮನಹಳ್ಳಿಯ ಇನ್ನೊಂದು ಸಂಘಕ್ಕೆ ಕೊಟ್ಟರು. ಹೆಸರು ಅಳಿಸಲು ಮಾತ್ರ ಒಬ್ಬರೂ ಒಪ್ಪಲಿಲ್ಲ. ಈಗಲೂ ಅಲ್ಲಿ ಯಾರೇ ಸತ್ತರೂ ಪಕ್ಕದಲ್ಲಿ ನಮ್ಮವರ ಹೆಸರೇ ಇರುತ್ತದೆ. ಯಾರೋ ಅದರ ಫೋಟೋ ಫೋನಿನಲ್ಲಿ ಹರಿಯಬಿಟ್ಟು, ಒಂದು ಸಲ ನಾಲ್ಕು ಜನ ಹಾರ ಹಿಡಿದುಕೊಂಡು ಹಡಗಲಿಯ ನಿರ್ದೇಶಕರ ಮನೆಗೆ ಹೋದರಂತೆ. ಅವರೇ ಬಾಗಿಲು ತೆರೆದರಂತೆ.

ಆಮೇಲೆ ಒಂದು ಅಧ್ಯಯನ ಉಪಸಮಿತಿ ಆಯಿತು. ಅಧ್ಯಯನಕ್ಕೆ ಹೋದವರು ಗೋಕರ್ಣದ ಪ್ರಸಾದ ತಂದು ಎಲ್ಲರಿಗೂ ಹಂಚಿದರು. ವರದಿಯಲ್ಲಿ ‘ಕೂರಿಸುವುದೇ ಸೂಕ್ತ’ ಎಂದು ಬರೆದಿದ್ದರು.

ಕೂರಿಸುವ ಪೆಟ್ಟಿಗೆ ಮಾಡಲು ಹರಪನಹಳ್ಳಿಯ ಕಾಂತೇಶ್ ಎಂಬ ಹುಡುಗ ಒಪ್ಪಿಕೊಂಡ. ಅಂಗಡಿಗಳಿಗೆ ತಂಪುಪಾನೀಯದ ಕಪಾಟು ಮಾಡಿಕೊಡುವವನು. ಅವನು ಸಭೆಗೆ ಬಂದು, ‘ಒಬ್ರು ಕೂತು ತೋರಿಸ್ರಿ ಸಾರ್, ಅಳತೆ ಹಿಡ್ಕಂತೀನಿ’ ಅಂದ. ನೋಡು, ಪೀಠಕ್ಕಾಗಿ ಅಷ್ಟು ವರ್ಷ ಗುದ್ದಾಡಿದವರು ಅಂದು ಕೂರಲು ಒಬ್ಬರೂ ಮುಂದೆ ಬರಲಿಲ್ಲ. ಅಧ್ಯಕ್ಷರಿಗೆ ಸೊಂಟ ಹಿಡಿದುಕೊಂಡಿತು. ಕೂಡ್ಲಿಗಿಯವರಿಗೆ ಫೋನು ಬಂತು. ಸೋಮಪ್ಪನವರು ಪುಸ್ತಕ ತೆಗೆದು, ‘ಪದಾಧಿಕಾರಿಗಳು ಅಳತಿ ಕೊಡಬೇಕಂತ ಇದರಾಗ ಎಲ್ಲೂ ಇಲ್ಲ’ ಅಂದರು.

‘ಹೋಗೋದು ಎಲ್ಲಾರಿಗೂ ಐತಿ. ನಂದ ತಗಳ್ರಿ’ ಎಂದು ನಿನ್ನಣ್ಣ ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ಕಾಲು ಮಡಿಸಿ ಕೂತರು. ಕಾಂತೇಶನ ಕಬ್ಬಿಣದ ಟೇಪು ಮೈಗೆ ಚುಚ್ಚುತ್ತದೆ ಎಂದು ನನ್ನನ್ನು ಕರೆಸಿದರು. ಭುಜದಿಂದ ಭುಜಕ್ಕೆ, ಮೊಣಕಾಲಿನಿಂದ ಮೊಣಕಾಲಿಗೆ, ನೆಲದಿಂದ ನೆತ್ತಿಗೆ, ನಾನೇ ಅಳೆದು ಹೇಳಿದೆ, ಕಾಂತೇಶ್ ಬರೆದುಕೊಂಡ. ನನ್ನನ್ನು ನೋಡಲು ಬಂದ ವರ್ಷ ನಮ್ಮಪ್ಪನ ಹೊಲಿಗೆ ಅಂಗಡಿಯಲ್ಲಿ ಅವರ ಅಂಗಿಯ ಅಳತೆ ತೆಗೆದಾಗಲೂ ಹೀಗೇ ಉಸಿರು ಬಿಗಿಹಿಡಿದು ಕೂತಿದ್ದರು. ‘ಉಸಿರು ಬಿಡ್ರಿ, ಬಿಗಿ ಆಗತೈತಿ’ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಅದಕ್ಕೆ ‘ಮರುಳಪ್ಪನ ಅಳತಿ ಪೆಟ್ಟಿಗಿ’ ಎಂದೇ ಹೆಸರಾಯಿತು.

ಒಂದು ವಿಷಯಕ್ಕೆ ಮಾತ್ರ ಜಗಳವಾಯಿತು. ಒಳಗೆ ಕೂರಿಸುವ ಪೀಠ ಎತ್ತರ ಇರಬೇಕು, ನಮ್ಮ ಹಿರಿಯರು ಎತ್ತರದಲ್ಲಿ ಕೂತರೆ ಶೋಭೆ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಅಧ್ಯಕ್ಷರು. ಪೀಠವೂ ತಗ್ಗಿರಲಿ, ಗಾಜೂ ತಗ್ಗಿರಲಿ ಎಂದು ನಿನ್ನಣ್ಣ. ಯಾಕೆ ಎಂದು ಕೇಳಿದರೆ ‘ನೋಡಾಕ ಅನುಕೂಲ’ ಎಂದಷ್ಟೇ ಹೇಳಿದರು. ಸಂತೆಯಲ್ಲಿ ಬದನೆಕಾಯಿಗೂ ಚೌಕಾಸಿ ಮಾಡದ ಮನುಷ್ಯ ಇದೊಂದಕ್ಕೆ ಪಟ್ಟು ಹಿಡಿದು, ಹರಪನಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಕಾಂತೇಶ್ ಪೀಠದ ಕಾಲು ಕತ್ತರಿಸುವ ತನಕ ಅಲ್ಲೇ ನಿಂತು ಬಂದರು.

ಫೆಬ್ರವರಿಯಲ್ಲಿ ಪೆಟ್ಟಿಗೆ ಬಂತು. ಬಂದದ್ದು ಭವನದ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿತು. ಉದ್ಘಾಟನೆಗೆ ದೊಡ್ಡವರೊಬ್ಬರು ಬೇಕು, ದೊಡ್ಡವರಿಗೆ ಪುರುಸೊತ್ತು ಬೇಕು. ಅಷ್ಟರಲ್ಲಿ ಸಾವುಗಳೇನು ನಿಲ್ಲಲಿಲ್ಲ. ಯಾರಾದರೂ ಬಂದು ಕೇಳಿದರೆ ಅಧ್ಯಕ್ಷರು ಹೇಳುತ್ತಿದ್ದರು, ‘ಒಮ್ಮಿ ಬಳಸಿದ್ರ ಅದು ಹಳೇ ಮಾಲಾಗತೈತಿ. ಹಳೇ ಮಾಲಿಗೆ ದೊಡ್ಡವ್ರ ಕಡಿಂದ ರಿಬ್ಬನ್ ಹ್ಯಾಂಗ ಕತ್ತರಿಸೋದು?’ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಿನ್ನಣ್ಣ ಗೊಣಗುತ್ತಾ ಮನೆಗೆ ಬರುತ್ತಿದ್ದರು.

ಇನ್ನು ಆ ದಿನ. ಬೆಳಗ್ಗೆ ನಿನ್ನಣ್ಣ ಚಹಾ ಕುಡಿದು ಲೋಟ ಕೆಳಗಿಡಲಿಲ್ಲ. ನಾನೂ ಅಮೃತಾಳೂ ಸೇರಿ ಕೂರಿಸಿದೆವು. ಮೊದಲ ಫೋನು ನಿನಗೇ ಮಾಡಿದ್ದು, ನಿನಗೆ ಗೊತ್ತಿದೆ. ರೈಲು ಹಿಡಿದು ಬಂದರೂ ನೀನು ಮುಟ್ಟುವುದು ಮರುದಿನ ಎಂದು ನಿನ್ನ ಯಜಮಾನರು ಹೇಳಿದರು. ಹಗರಿಬೊಮ್ಮನಹಳ್ಳಿಯಿಂದ ಆ ಮಲಗಿಸುವ ಪೆಟ್ಟಿಗೆ ತರಿಸೋಣವೇ ಎಂದು ಯಾರೋ ಕೇಳಿದರು. ಅಷ್ಟು ಹೊತ್ತಿಗೆ ಮೈ ಸೆಟೆದಿತ್ತು. ಕೂತವರನ್ನು ಮತ್ತೆ ಮಲಗಿಸಬೇಕೆಂದರೆ ಮೊಣಕಾಲು ಮುರಿದು ಬಿಡಿಸಬೇಕಾಗುತ್ತದೆ ಎಂದರು. ಅಮೃತಾ ಎದ್ದು ಒಳಗೆ ಹೋದಳು. ಉಳಿದದ್ದು ಎದುರಿನ ಪೆಟ್ಟಿಗೆ ಒಂದೇ, ಅವರದೇ ಅಳತೆಯದು.

ಗುರುಬಸವರಾಜಪ್ಪನವರು ದೊಡ್ಡ ಹಾರ ತಂದರು, ನಿಜವಾಗಿಯೂ ಅತ್ತರು. ಅದನ್ನು ನಾನು ಇಲ್ಲ ಎನ್ನಲಾರೆ. ಪೆಟ್ಟಿಗೆ ಕೊಡಿ ಎಂದು ಕೈ ಮುಗಿದು ಕೇಳಿದೆ. ‘ನಿನ್ನ ಮಾತಿಗೆ ಇಲ್ಲ ಅಂತೀನೇನವ್ವ? ಆದ್ರ ನನ್ನೊಬ್ಬನ ಕೈಯಾಗಿಲ್ಲ. ತುರ್ತು ಸಭಾ ಕರೀತೀನಿ’ ಅಂದರು. ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕೂರಿನಿಂದ ನಿರ್ದೇಶಕರು ಬಂದರು. ಬರಲಿಲ್ಲ ಎಂದು ಯಾರ ಮೇಲೂ ದೂರು ಹೇಳುವಂತಿಲ್ಲ. ಭವನದಲ್ಲಿ ಫ್ಯಾನು ತಿರುಗುವುದು ನಾನು ಅವರ ಪಕ್ಕ ಕೂತಲ್ಲಿಂದಲೇ ಕಾಣುತ್ತಿತ್ತು. ಒಳಗೆ ನಡೆದದ್ದನ್ನು ಲಕ್ಷ್ಮಿದೇವಿ ಆಮೇಲೆ ನನಗೆ ಹೇಳಿದರು.

ವಿಷಯಪಟ್ಟಿಯಲ್ಲಿ ಎರಡು ವಿಷಯ. ಒಂದು, ಮರುಳಪ್ಪನವರಿಗೆ ಸಂತಾಪ. ಎರಡು, ಪೆಟ್ಟಿಗೆ. ಸಂತಾಪದ ಮೇಲೆ ಒಬ್ಬೊಬ್ಬರಾಗಿ ಮಾತಾಡಿದರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಅಂತಾರಲ್ಲ, ನಿನ್ನಣ್ಣನಲ್ಲಿ ಇಲ್ಲದ ಗುಣಗಳೂ ಅಂದು ಹೊರಬಿದ್ದವು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಮೌನ ಮುಗಿದ ಕೂಡಲೇ ಸೋಮಪ್ಪನವರು ಕಿಸೆಯಿಂದ ಪುಸ್ತಕ ತೆಗೆದು ಓದಿದರು: ಹಾಲಿ ನಿರ್ದೇಶಕರು ನಿಧನರಾದಲ್ಲಿ ಸಂತಾಪ ಸೂಚಿಸಿ, ಅವರ ಗೌರವಾರ್ಥ ಸಭೆಯನ್ನು ಅಲ್ಲಿಗೇ ಮುಂದೂಡತಕ್ಕದ್ದು, ಬೇರೆ ಯಾವ ವಿಷಯವನ್ನೂ ಚರ್ಚಿಸತಕ್ಕದ್ದಲ್ಲ.

‘ಮತ್ತ ಪೆಟ್ಟಿಗಿ?’ ಎಂದು ಲಕ್ಷ್ಮಿದೇವಿ ಕೇಳಿದರಂತೆ.

‘ಅದು ಎರಡನೇ ವಿಷಯರಿ.’

‘ಅದಕ್ಕಂತಲೇ ಅಲ್ಲೇನ್ರಿ ಸಭಾ ಕರೆದಿದ್ದು?’

‘ಖರೇ. ಆದ್ರ ಸತ್ತೋರಿಗೆ ಅಗೌರವ ಮಾಡಾಕ ಬರತೈತೇನ್ರೀ ತಾಯಿ?’

ಅಧ್ಯಕ್ಷರು ಎಲ್ಲರ ಮುಖ ನೋಡಿದರಂತೆ, ಎಲ್ಲರೂ ಅಧ್ಯಕ್ಷರ ಮುಖ ನೋಡಿದರಂತೆ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ. ಸಭೆ ಮುಂದಕ್ಕೆ ಹೋಯಿತು. ಸಾಲಾಗಿ ರಸ್ತೆ ದಾಟಿ ನಮ್ಮ ಮನೆಗೆ ಬಂದು, ಸಂತಾಪದ ಠರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಪೆಟ್ಟಿಗೆ ಎಂದು ನಾನು ಕೇಳಿದೆ. ‘ಮುಂದಿನ ಸಭಾದಾಗ ಮೊದಲನೇ ವಿಷಯ ಅದೇ ಇಡ್ತೀವಿ’ ಎಂದು ಸೋಮಪ್ಪನವರು ನನಗೆ ಧೈರ್ಯ ಹೇಳಿದರು.

ಹೊರಗೆ ಬಿಸಿಲು ಎಂಥದಿತ್ತು ಎಂದು ನಿನಗೆ ಗೊತ್ತು, ನೀನು ಹುಟ್ಟಿದ ಊರೇ ಇದು. ಸಂಜೆಯ ತನಕ ನಾನು ಎತ್ತಗೊಡದೆ ಹಿಡಿದು ಕೂತೆ. ಆಮೇಲೆ ಇಡಲು ಆಗಲಿಲ್ಲ, ಸುಕನ್ಯಾ. ಹೇಳಬಾರದ್ದನ್ನು ನನ್ನ ಕೈಯಲ್ಲಿ ಬರೆಸಬೇಡ. ವಿಮಾನ ಎತ್ತಿದಾಗ ನಿನ್ನ ರೈಲು ಎಲ್ಲಿತ್ತೋ ಎಂದು ನಾನೂ ಅಮೃತಾಳೂ ಲೆಕ್ಕ ಹಾಕುತ್ತಿದ್ದೆವು.

ಗಿರಾಕಿ ಬಂದರು, ಸೀರೆಗೆ ಫಾಲು ಹಚ್ಚಬೇಕಂತೆ. ಮುಂದಿನದು ನಾಳೆ ಬರೆಯುತ್ತೇನೆ.

*

10 ಆಗಸ್ಟ್, ಭಾನುವಾರ

ನಾಳೆ ಅಂದದ್ದು ಶ್ರಾವಣಕ್ಕೆ ಬಂತು ನೋಡು. ನನಗೂ ಸಂಘದ ಗಾಳಿ ಬಡಿದಿದೆ. ಬರೆದದ್ದನ್ನು ಓದಿದರೆ ಬರೀ ದೂರಿನ ಹಾಗೆ ಕಂಡಿತು, ಮಷೀನಿನ ಡ್ರಾದಲ್ಲಿ ಹಾಕಿ ಸುಮ್ಮನಾದೆ. ಈಗ ಎರಡು ಸುದ್ದಿ ಇವೆ.

ಒಂದು, ಪೆಟ್ಟಿಗೆಯ ಉದ್ಘಾಟನೆಯಾಯಿತು. ಆಷಾಢದಲ್ಲಿ ಶುಭಕಾರ್ಯ ಬೇಡ ಎಂದು ಶ್ರಾವಣದ ಮೊದಲ ಸೋಮವಾರ ಇಟ್ಟುಕೊಂಡರು. ಹೆಣದ ಪೆಟ್ಟಿಗೆಗೂ ಮುಹೂರ್ತ ನೋಡಿದ್ದು ಐದೂರಿನಲ್ಲಿ ಇದೇ ಮೊದಲಿರಬೇಕು. ದೊಡ್ಡವರು ಬರಲಿಲ್ಲ, ಶುಭಾಶಯದ ಸಂದೇಶ ಬಂತು. ಅಧ್ಯಕ್ಷರು ತಾವೇ ಉದ್ಘಾಟಿಸುವುದು ಅನಿವಾರ್ಯವಾಯಿತು ಎಂದು ಮೈಕಿನಲ್ಲಿ ಹೇಳಿದರು. ರಿಬ್ಬನ್ ಕಟ್ಟಿದ ಮೇಲೆ ಕತ್ತರಿ ಇಲ್ಲ ಎಂದು ನೆನಪಾಗಿ ನನ್ನ ಅಂಗಡಿಯಿಂದ ತರಿಸಿದರು. ರೇಷ್ಮೆ ಬಟ್ಟೆಗೆ ಮಾತ್ರ ಇಟ್ಟಿರುವ ಕತ್ತರಿ ಅದು, ಕೊಡಲು ಮನಸ್ಸಿರಲಿಲ್ಲ, ಕೊಟ್ಟೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ಕತ್ತರಿಸಿ ಆಯಿತು, ಚಪ್ಪಾಳೆ ಆಯಿತು. ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ಜನಕ್ಕೆ ತೋರಿಸಬೇಕಲ್ಲ? ‘ಯಾರಾದ್ರೂ ಕೂತ್ರೆ ತಿಳೀತೈತೆ ಸಾರ್’ ಎಂದು ಕಾಂತೇಶ್ ಮತ್ತೆ ಹೇಳಿದ. ಈ ಸಲ ಕೂರಲು ನಿನ್ನಣ್ಣ ಇರಲಿಲ್ಲ. ಆಗ ಅಧ್ಯಕ್ಷರಿಗೆ ಒಂದು ಹೊಳೆಯಿತು. ವೇದಿಕೆಯ ಮೇಲೆ ಮಲ್ಲಿಗೆ ಹಾರ ಹಾಕಿಟ್ಟಿದ್ದ ನಿನ್ನಣ್ಣನ ಫೋಟೋ ಎತ್ತಿ, ಪೀಠದ ಮೇಲಿಟ್ಟು, ಬಾಗಿಲು ಹಾಕಿ, ಸ್ವಿಚ್ಚು ಒತ್ತಿಸಿದರು. ‘ನಮ್ಮ ಮರುಳಪ್ಪನವರು ಈ ಯೋಜನೆಯ ಮೊದಲ ಫಲಾನುಭವಿ’ ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಹಾಗಂದರೆ ಏನು ಎಂದು ಯಾರೂ ಯೋಚಿಸಿದಂತೆ ಕಾಣಲಿಲ್ಲ, ಅಂದವರೂ ಸೇರಿ.

ಎಲ್ಲರೂ ಬಂದು ಬಗ್ಗಿ ಬಗ್ಗಿ ನೋಡಿದರು. ಗಾಜು ಇಷ್ಟು ತಗ್ಗಿನಲ್ಲಿ ಯಾಕೆ ಎಂದು ಪ್ರತಿಯೊಬ್ಬರೂ ಗೊಣಗಿದರು. ಫೋಟೋಗ್ರಾಫರ್ ಮೊಣಕಾಲೂರಿದ. ಮೊದಲೇ ಬಗ್ಗಿ ಬಗ್ಗಿ ಸವೆದ ಅಧ್ಯಕ್ಷರ ಕೊರಳು ಇನ್ನೂ ಬಗ್ಗಬೇಕಾಯಿತು.

ಒಳಗೆ ತಂಪೇರಿ ಫೋಟೋದ ಗಾಜಿನ ಮೇಲೆ ಮಂಜು ಕೂತಿತು. ಮೊದಲು ಅಂಗಿ ಮುಚ್ಚಿತು, ನಾನೇ ಹೊಲಿದ ಅಂಗಿ. ಆಮೇಲೆ ಗದ್ದ, ಮೀಸೆ, ಕಣ್ಣು. ಹಣೆಯ ವಿಭೂತಿಯೊಂದು ಸ್ವಲ್ಪ ಹೊತ್ತು ಕಂಡಿತು, ಅದೂ ಹೋಯಿತು. ನಾನು ಇಷ್ಟು ದಿನ ನಗುತ್ತಲೇ ಇದ್ದೆ, ಸುಕನ್ಯಾ. ಮೇಲಿನದನ್ನೆಲ್ಲ ನಗುತ್ತಲೇ ಬರೆದೆ. ಅಲ್ಲಿ ನನಗೆ ನಗೆ ಬರಲಿಲ್ಲ.

ಎದ್ದು ಹೋಗಿ ಬಾಗಿಲು ತೆಗೆದೆ. ಸೆರಗಿನಿಂದ ಫೋಟೋ ಒರೆಸಿ ಎದೆಗೆ ಹಿಡಿದುಕೊಂಡೆ. ‘ಕಾರ್ಯಕ್ರಮ ಮುಗಿದಿಲ್ಲಮ್ಮ, ವಂದನಾರ್ಪಣೆ ಐತಿ’ ಎಂದು ಸೋಮಪ್ಪನವರು ಅಡ್ಡ ಬಂದರು. ‘ಸಂತಾಪ ಆದ ಮ್ಯಾಲೆ ಸಭಾ ನಡಸಂಗಿಲ್ಲಲ್ರಿ ಸೋಮಪ್ಪನವ್ರೆ? ನಿಮ್ಮ ಪುಸ್ತಕದಾಗ ನೋಡ್ರಿ’ ಅಂದೆ. ಅವರು ನಿಜವಾಗಿಯೂ ಕಿಸೆಗೆ ಕೈ ಹಾಕಿದರು. ಅವರು ಪುಟ ತಿರುವುವಷ್ಟರಲ್ಲಿ ನಾನು ಪೆಟ್ಟಿಗೆಗೆ ಬೀಗ ಹಾಕಿ, ಬಾಗಿಲಲ್ಲೇ ಇದ್ದ ಕೀಲಿಕೈಯನ್ನೂ ನನ್ನ ಕತ್ತರಿಯನ್ನೂ ತೆಗೆದುಕೊಂಡು ರಸ್ತೆ ದಾಟಿದೆ. ಮರುದಿನ ಅಧ್ಯಕ್ಷರು ಬಂದು ಕೀಲಿಕೈ ಕೇಳಿದರು. ‘ಠರಾವು ಮಾಡ್ಕೊಂಡ್ ಬರ್ರಿ, ಕೊಡ್ತೀನಿ’ ಅಂದೆ. ಸಭೆ ಕರೆದಿದ್ದಾರಂತೆ, ಕೋರಂ ಆಗಿಲ್ಲವಂತೆ. ಕೀಲಿಕೈ ಸೂಜಿಯ ಡಬ್ಬಿ ಸೇರಿತು.

ಎರಡನೆಯ ಸುದ್ದಿ ಹೋದ ವಾರದ್ದು. ಲಕ್ಷ್ಮಿದೇವಿಯ ಅತ್ತೆ ತೀರಿಕೊಂಡರು. ಆ ಮುದುಕಿಯ ಮಗಳು ಗೋವೆಯಲ್ಲಿ ಇರುವವಳು, ಮಳೆಗೆ ಘಟ್ಟದಲ್ಲಿ ರಸ್ತೆ ಕಟ್ಟಾಗಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಳು. ಲಕ್ಷ್ಮಿದೇವಿ ಅಧ್ಯಕ್ಷರ ಮನೆಗೆ ಹೋಗಲಿಲ್ಲ, ಸೀದಾ ನಮ್ಮ ಅಂಗಡಿಗೆ ಬಂದು, ‘ಕಲ್ಯಾಣಮ್ಮ, ಕೀಲಿ ಕೊಡು’ ಅಂದರು. ಕೊಟ್ಟೆ. ಅವರ ಕಡೆಯ ಗಂಡಸರು ಪೆಟ್ಟಿಗೆ ತಳ್ಳಿಕೊಂಡು ಹೋಗುವಾಗ ಅಧ್ಯಕ್ಷರು ತಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದರು. ಸ್ವಲ್ಪ ಹೊತ್ತಿಗೆ ತಾವೂ ಎದ್ದು ಬಂದು ಒಂದು ಕಡೆ ಕೈ ಹಚ್ಚಿದರು. ಠರಾವಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ ಆ ಮಗಳು ಬಂದಳು. ಬಂದವಳೇ ಗಾಜಿನ ಮೇಲೆ ಎರಡೂ ಕೈ ಇಟ್ಟು ನಿಂತಳು. ‘ಅವ್ವ ಕುಂತಾಳ ನೋಡ್ರಿ, ನನ್ನ ಹಾದಿ ಕಾಯ್ಕೊಂತ’ ಅಂದಳು. ಬಹಳ ಹೊತ್ತು ಅತ್ತಳು. ಆಮೇಲೆ ತಾನಾಗಿಯೇ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು ಅತ್ತಿಗೆಯನ್ನು ಚಹಾ ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮುಖ ನೋಡಿದವಳು ಆ ಮನೆಯ ಚಹಾ ಕುಡಿದಳು. ನೋಡದವಳು ನೀರಿನ ತಂಬಿಗೆಯನ್ನು ಕಿಟಕಿಯಲ್ಲಿಟ್ಟು ಹೋದಳು. ಅಂದು ನಿನ್ನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ಮನೆಗೆ ಬಂದು ಡ್ರಾದಿಂದ ಈ ಕಾಗದ ತೆಗೆದೆ.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ, ನಾನು ಮಾಡಿದ್ದು ತಪ್ಪಲ್ಲ. ಆದರೆ ನೀನು ಇಲ್ಲದೆ ಈ ದುಃಖ ನನಗೊಬ್ಬಳಿಗೆ ಹೆಚ್ಚಾಗುತ್ತಿದೆ. ಅವರು ಚಿಕ್ಕವರಿದ್ದಾಗ ಹೇಗಿದ್ದರು ಎಂದು ನನಗೆ ಹೇಳುವವರು ನಿನ್ನನ್ನು ಬಿಟ್ಟರೆ ಇನ್ನು ಯಾರೂ ಇಲ್ಲ. ಗೌರಿಹಬ್ಬಕ್ಕೆ ಬಾ. ನೀರು ಬೇಡವಾದರೆ ಬೇಡ, ಕುಪ್ಪಸ ತೆಗೆದುಕೊಂಡು ಹೋಗಲಾದರೂ ಬಾ. ನಿನ್ನ ಮನೆ ತುಂಬಿರಲಿ, ಮಕ್ಕಳ ಓದು ಮುಂದುವರಿಯಲಿ, ನಿನ್ನ ಯಜಮಾನರ ಮಂಡಿನೋವು ಇಳಿಯಲಿ. ಕೊಟ್ಟೂರು ಸ್ವಾಮಿ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅತ್ತಿಗೆ,
ಕಲ್ಯಾಣಮ್ಮ

ತಾ. ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಗಾಜು ಯಾಕೆ ತಗ್ಗಿನಲ್ಲಿದೆ ಎಂದು ಐದೂರಿನಲ್ಲಿ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು. ಹೇಳಬೇಡ ಎಂದಿದ್ದರು, ಆಕಿ ಅಳತಾಳ ಅಂತ. ಅಳತೆ ಕೊಟ್ಟ ದಿನ ಭವನದ ಮೆಟ್ಟಿಲು ಇಳಿಯುವಾಗ ಕೇಳಿದರು, ‘ಸುಕನ್ಯಾನ ಅಳತಿ ನಿನ್ನ ಹತ್ರ ಐತಲ್ಲ?’ ಕುಪ್ಪಸದ್ದು ಐತಿ ಅಂದೆ. ‘ಕುಪ್ಪಸದ್ದಲ್ಲ. ಆಕಿ ನಿಂತ್ರ ಕಣ್ಣು ಎಲ್ಲಿಗೆ ಬರ್ತಾವ?’ ನಾನು ನನ್ನ ಭುಜದ ಕೆಳಗೆ ಕೈಯಿಟ್ಟು ತೋರಿಸಿದೆ. ಅಲ್ಲಿಂದ ನೆಲಕ್ಕೆ ಟೇಪು ಹಿಡಿಸಿ ನೋಡಿದರು. ‘ಗಾಜು ಇಲ್ಲಿಗಿರ್ಲಿ. ಅವ್ವ ಹೋದಾಗ ಆಕಿಗೆ ಬರೀ ಮಣ್ಣು ಸಿಕ್ತು. ನಾ ಹೋದಾಗರ ಬೆರಳ ಮ್ಯಾಲೆ ನಿಂತು ನೋಡೂವಂಗ ಆಗಬಾರದು’ ಅಂದರು. ಎಲ್ಲರೂ ಅದನ್ನು ಮರುಳಪ್ಪನ ಅಳತೆಯ ಪೆಟ್ಟಿಗೆ ಅಂತಾರೆ. ಗಾಜಿನ ಅಳತೆ ನಿನ್ನದು, ಸುಕನ್ಯಾ.